ಮರಳೂ ನೀರೂ ಒಂದೇ ಸಫಾರಿಯಲ್ಲಿ: ಕಛ್, ಥಾರ್, ನಮೀಬಿಯಾ–ಬೋಟ್ಸ್ವಾನಾ, ಯಾವುದಕ್ಕೆ ಹೋಗೋಣ?

ಕಬಿನಿ, ಬಂಡೀಪುರ, ರಂಗನತಿಟ್ಟು ಎಲ್ಲ ಆಯಿತು, ಮುಂದೇನು ಎಂದು ಕೇಳುವ ಬೆಂಗಳೂರಿಗರಿಗೆ ಈಗ ಒಂದು ಬಗೆಯ ಪ್ರವಾಸದ ಜಾಹೀರಾತು ಮತ್ತೆ ಮತ್ತೆ ಬರುತ್ತದೆ. ಆರೆಂಟು ಜನರ ಗುಂಪು, ಒಂದು ಗಾಡಿ, ಒಬ್ಬ ಗೈಡ್. ಅರ್ಧ ದಿನಗಳು ಮರಳುಗಾಡಿನಲ್ಲಿ, ಉಳಿದರ್ಧ ಜೌಗಿನಲ್ಲಿ. ಇಲ್ಲಿಂದ ಹೊರಡುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಗುಜರಾತಿನ ಕಛ್‌ನ ಚಿಕ್ಕ ರಣ ಮತ್ತು ನಲ್ ಸರೋವರ, ರಾಜಸ್ಥಾನದ ಜೈಸಲ್ಮೇರ್ ಮತ್ತು ಭರತಪುರ, ಹಾಗೂ ನಮೀಬಿಯಾದ ಮರಳುದಿಬ್ಬಗಳಿಂದ ಬೋಟ್ಸ್ವಾನಾದ ಒಕವಾಂಗೊ ನದಿಯ ಜೌಗಿನವರೆಗಿನ ಉದ್ದ ಹಾದಿ.

ಏಜೆಂಟರು ಕಳಿಸುವ ಪಿಡಿಎಫ್‌ನಲ್ಲಿ ಮೊದಲ ಪುಟದಿಂದಲೇ ಪ್ರಾಣಿಗಳ ಪಟ್ಟಿ ಶುರುವಾಗುತ್ತದೆ. ಅದನ್ನು ಬದಿಗಿಡಿ. ಕೇಳಬೇಕಾದದ್ದು ಎರಡೇ: ನೀರು ಯಾವ ತಿಂಗಳು ಬಂದು ಯಾವ ತಿಂಗಳು ಹೋಗುತ್ತದೆ? ಮರಳಿನಿಂದ ನೀರಿಗೆ ಹೋಗಲು ಎಷ್ಟು ಹೊತ್ತು ಗಾಡಿಯಲ್ಲಿ ಕೂರಬೇಕು? ಪ್ರಾಣಿಗಳು ಎಲ್ಲಿರುತ್ತವೆ ಎಂಬುದನ್ನು ಮೊದಲನೆಯದು ತೀರ್ಮಾನಿಸುತ್ತದೆ, ನಿಮ್ಮ ಸೊಂಟ ಎಲ್ಲಿರುತ್ತದೆ ಎಂಬುದನ್ನು ಎರಡನೆಯದು.

ನಿಮ್ಮ ರಜೆ ಯಾವಾಗ?

ಬಹುಪಾಲು ಜನ ಜಾಗ ಆರಿಸಿಕೊಂಡು ಆಮೇಲೆ ರಜೆ ಹುಡುಕುತ್ತಾರೆ. ಈ ಪ್ರವಾಸದಲ್ಲಿ ಅದು ಉಲ್ಟಾ ಆಗಬೇಕು.

ಮಕ್ಕಳ ಬೇಸಿಗೆ ರಜೆ ಬಿಟ್ಟರೆ ಬೇರೆ ಸಮಯವೇ ಇಲ್ಲ ಎನ್ನುವವರು ಕಛ್ ಮತ್ತು ಥಾರ್‌ಗಳನ್ನು ಮರೆತುಬಿಡುವುದು ಒಳ್ಳೆಯದು. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಚಳಿಗಾಲದ ಹಕ್ಕಿಗಳು ಅಷ್ಟರಲ್ಲಿ ಮಧ್ಯ ಏಷ್ಯಾದ ದಾರಿ ಹಿಡಿದಿರುತ್ತವೆ. ಆ ದಿನಗಳಲ್ಲಿ ರೆಸಾರ್ಟುಗಳ ದರ ಇಳಿದಿದ್ದರೆ ಕಾರಣ ಅದೇ. ದಕ್ಷಿಣಾರ್ಧ ಗೋಳದಲ್ಲಿ ಮಾತ್ರ ಲೆಕ್ಕ ಬೇರೆ. ಮೇ ಹೊತ್ತಿಗೆ ನಮೀಬಿಯಾದಲ್ಲಿ ಮಳೆ ನಿಂತು ಹಗಲು ಹಿತವಾಗಿರುತ್ತದೆ, ರಾತ್ರಿ ಸ್ವೆಟರ್ ಬೇಕು. ಒಕವಾಂಗೊದ ಮೇಲ್ಭಾಗಕ್ಕೆ ನೀರು ಬಂದಿರುತ್ತದೆ. ಕೊರತೆ ಒಂದೇ: ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲಿ ಹುಲ್ಲು ಇನ್ನೂ ಎತ್ತರವಾಗಿರುತ್ತದೆ, ಅಲ್ಲಲ್ಲಿ ಮಳೆನೀರು ಉಳಿದಿರುತ್ತದೆ, ಹಾಗಾಗಿ ಪ್ರಾಣಿಗಳು ಒಂದೆಡೆ ಸೇರುವುದಿಲ್ಲ.

ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನಕ್ಕೆ ಒಂದಿಷ್ಟು ರಜೆ ಅಂಟಿಸಿಕೊಂಡು ಎರಡು ವಾರ ಹೊರಡಲಾಗುವವರು ಆಫ್ರಿಕಾದ ಮಟ್ಟಿಗೆ ಅದೃಷ್ಟವಂತರು. ಅಲ್ಲಿ ಆಗ ಒಣಗಾಲ. ಒಕವಾಂಗೊ ಮಾತ್ರ ತುಂಬಿರುತ್ತದೆ.

ದಸರಾ ಅಡಕತ್ತರಿ. ಚಿಕ್ಕ ರಣದ ಕಾಡುಕತ್ತೆ ಅಭಯಾರಣ್ಯ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ತೆರೆದ ಮೇಲೂ ಕೆಲವು ದಿನ ಕೆಸರು, ಜೀಪು ಒಳಗೆ ದೂರ ಹೋಗಲಾರದು. ಎಟೋಶಾದಲ್ಲಿ ಪ್ರಾಣಿ ನೋಡಲು ಅಕ್ಟೋಬರ್ ಬಹಳ ಒಳ್ಳೆಯದು, ಆದರೆ ಬೋಟ್ಸ್ವಾನಾದಲ್ಲಿ ಅದು ಸುಡುವ ತಿಂಗಳು. ಒಕವಾಂಗೊದ ಅಂಚಿನ ಕಾಲುವೆಗಳಲ್ಲಿ ನೀರು ಇಳಿದು ದೋಣಿ ಸುತ್ತಾಟ ಮೊಟಕಾಗಬಹುದು.

ಡಿಸೆಂಬರ್ ಕೊನೆಯ ಆಫೀಸು ರಜೆ ಗುಜರಾತಿಗೆಂದೇ ಮಾಡಿಸಿದ್ದು. ಅದೇ ವಾರ ನಮೀಬಿಯಾ, ಬೋಟ್ಸ್ವಾನಾಗಳಲ್ಲಿ ಮಳೆಗಾಲ ಶುರುವಾಗಿರುತ್ತದೆ.

ಚಿಕ್ಕ ರಣ: ಎರಡೂ ಒಂದೇ ನೆಲ

ಮೂರರಲ್ಲಿ ನನಗೆ ಹೆಚ್ಚು ಕುತೂಹಲದ ಜಾಗ ಇದು. ಅಗ್ಗ ಮತ್ತು ಹತ್ತಿರ ಎಂಬುದು ಎರಡನೆಯ ಕಾರಣ. ಮೊದಲ ಕಾರಣ, ಇಲ್ಲಿ ಮರುಭೂಮಿ ಮತ್ತು ಜೌಗು ಎರಡು ಬೇರೆ ಸ್ಥಳಗಳಲ್ಲ. ಮುಂಗಾರಿನಲ್ಲಿ ಬನಾಸ್, ರೂಪೇನ್ ನದಿಗಳ ನೀರು ಒಂದು ಕಡೆಯಿಂದ ಹರಿದುಬರುತ್ತದೆ. ಇನ್ನೊಂದು ಕಡೆ ನೈಋತ್ಯ ಮಾರುತ ಕಛ್ ಕೊಲ್ಲಿಯ ಉಪ್ಪುನೀರನ್ನು ಒಳಕ್ಕೆ ತಳ್ಳುತ್ತದೆ. ಇಡೀ ಬಯಲು ಮೊಣಕಾಲುದ್ದದ ಸಮುದ್ರವಾಗುತ್ತದೆ. ‘ಬೇಟ್’ ಎಂದು ಕರೆಯುವ ಎತ್ತರದ ತುಂಡುನೆಲಗಳಷ್ಟೇ ದ್ವೀಪಗಳಾಗಿ ಉಳಿಯುತ್ತವೆ. ಕತ್ತೆಗಳು ಅಂಥ ಬೇಟ್‌ಗಳಿಗೂ ಅಂಚಿನ ಹೊಲಗಳಿಗೂ ಸರಿಯುತ್ತವೆ. ದೀಪಾವಳಿ ಕಳೆದಂತೆ ನೀರು ಆರಿ, ಹಾಸಿದ ಮಣ್ಣು ಬಿರುಕು ಬಿಟ್ಟು, ದಿಗಂತದವರೆಗೆ ಏನೂ ಇಲ್ಲದ ಬಟ್ಟಬಯಲು.

ಡಿಸೆಂಬರ್–ಜನವರಿಯಲ್ಲಿ ಈ ಎರಡು ಸ್ಥಿತಿಗಳೂ ಒಟ್ಟಿಗೆ ಸಿಗುತ್ತವೆ. ಬೆಳಗ್ಗೆ ಒಣ ರಣದಲ್ಲಿ ಕಾಡುಕತ್ತೆಗಳ ಹಿಂಡು. ಸಂಜೆ ಬಜಾಣಾ ಕಡೆಯಲ್ಲಿ ಇನ್ನೂ ಉಳಿದ ನೀರಿನಲ್ಲಿ ರಾಜಹಂಸ, ಹೆಜ್ಜಾರ್ಲೆ, ಸಾವಿರಗಟ್ಟಲೆ ಕ್ರೌಂಚಗಳು. ಸುಮಾರು 4,950 ಚದರ ಕಿ.ಮೀ. ಹರಡಿರುವ ಈ ಅಭಯಾರಣ್ಯವೇ ಭಾರತದ ಕಾಡುಕತ್ತೆಯ ಮುಖ್ಯ ನೆಲೆ. 2024ರ ಗಣತಿಯಲ್ಲಿ ಅವುಗಳ ಸಂಖ್ಯೆ ಏಳು ಸಾವಿರ ದಾಟಿತ್ತು. ಹಾಗಾಗಿ ಕತ್ತೆ ಕಾಣುತ್ತದೋ ಇಲ್ಲವೋ ಎಂಬ ಆತಂಕ ಬೇಡ. ಹಕ್ಕಿ ಹುಡುಕುವವರು ಮೆಕ್ವೀನ್ಸ್ ಬಸ್ಟರ್ಡ್‌ಗಾಗಿ ಜೀಪಿನಲ್ಲಿ ಗಂಟೆಗಟ್ಟಲೆ ತಿರುಗುತ್ತಾರೆ. ನಿಮ್ಮ ಜೀಪಿನಲ್ಲಿ ಅಂಥವರಿಬ್ಬರು, ಕತ್ತೆ ನೋಡಿ ಸಂತೋಷಪಟ್ಟ ನಾಲ್ವರು ಇದ್ದರೆ ಎರಡನೇ ದಿನಕ್ಕೇ ಮುನಿಸು ಶುರು. ಗುಂಪಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಅಗರಿಯಾ ಕುಟುಂಬಗಳ ಉಪ್ಪಿನ ಗದ್ದೆಗಳನ್ನು ಬಿಟ್ಟು ಬರಬೇಡಿ. ನೀರಿಳಿದ ಮೇಲೆ ಇವರು ರಣದೊಳಗೆ ಗುಡಿಸಲು ಹಾಕಿ, ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಮೇಲೆತ್ತಿ, ಬೇಸಿಗೆಯವರೆಗೂ ಅಲ್ಲೇ ಉಪ್ಪು ಬೆಳೆಯುತ್ತಾರೆ. ಮೊದಲು ಡೀಸೆಲ್ ಪಂಪುಗಳಿದ್ದ ಕಡೆ ಈಗ ಸೌರಫಲಕಗಳು ಸಾಲುಗಟ್ಟಿವೆ. ಒಳ್ಳೆಯ ಗೈಡ್ ನಿಮ್ಮನ್ನು ಅಲ್ಲಿ ಅರ್ಧ ಗಂಟೆ ಕೂರಿಸಿ ಮಾತಾಡಿಸುತ್ತಾನೆ. ಅವಸರದ ಗೈಡ್ ಫೋಟೊ ತೆಗೆಸಿ ಹೊರಡಿಸುತ್ತಾನೆ. ಬುಕ್ ಮಾಡುವಾಗಲೇ ಇದನ್ನು ಕೇಳಿಕೊಳ್ಳಬಹುದು.

ಓಡಾಟ ಸುಲಭ. ಬೆಂಗಳೂರಿನಿಂದ ಅಹಮದಾಬಾದಿಗೆ ನೇರ ವಿಮಾನ, ಅಲ್ಲಿಂದ ದಸಾಡಾ ಅಥವಾ ಜೈನಾಬಾದಿಗೆ ಎರಡು ಗಂಟೆಯ ರಸ್ತೆ. ನಲ್ ಸರೋವರವೂ ಅಷ್ಟೇ ಹತ್ತಿರ. ಸುಮಾರು 120 ಚದರ ಕಿ.ಮೀ.ಯ ಈ ಆಳವಿಲ್ಲದ ಸರೋವರ 2012ರಿಂದ ರಾಮ್‌ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು; ಅಂಬಿಗರು ಗಳು ಊರಿ ದೋಣಿ ನಡೆಸುತ್ತಾರೆ. ಭಾನುವಾರ ಮತ್ತು ರಜಾದಿನ ಮಾತ್ರ ಹೋಗಬೇಡಿ, ಅಹಮದಾಬಾದೇ ಅಲ್ಲಿರುತ್ತದೆ. ಸಂಕ್ರಾಂತಿಯ ಆಸುಪಾಸೂ ಬೇಡ. ಉತ್ತರಾಯಣದ ಗಾಳಿಪಟಕ್ಕೆ ನಗರದ ಹೋಟೆಲುಗಳು ತುಂಬಿರುತ್ತವೆ. ಇನ್ನೆರಡು ದಿನ ಕೈಯಲ್ಲಿದ್ದರೆ ವೇಳಾವದರ್ ಸೇರಿಸಿ. 34 ಚದರ ಕಿ.ಮೀ.ಯ ಪುಟ್ಟ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು. ಚಳಿಗಾಲದ ಸಂಜೆ ಹ್ಯಾರಿಯರ್ ಗಿಡುಗಗಳು ನೂರಾರು ಸಂಖ್ಯೆಯಲ್ಲಿ ಹುಲ್ಲಿಗಿಳಿದು ಮಲಗುತ್ತವೆ.

ಒಂದು ಎಚ್ಚರಿಕೆ: ಧೋರ್ಡೋದ ‘ರಣ ಉತ್ಸವ’ದ ಪ್ಯಾಕೇಜನ್ನು ಕೆಲವರು ಸಫಾರಿ ಎಂದು ಮಾರುತ್ತಾರೆ. ಅದು ದೊಡ್ಡ ರಣದ ಬಿಳಿ ಉಪ್ಪುಹಾಸು ನೋಡುವ, ಡೇರೆಯಲ್ಲಿ ತಂಗುವ, ಸಂಜೆ ಗರ್ಬಾ ನೋಡುವ ಪ್ರವಾಸ. ಬೇಕಾದವರು ಹೋಗಲಿ. ಆದರೆ ಕಾಡುಕತ್ತೆ ಇರುವುದು ಚಿಕ್ಕ ರಣದ ಕಡೆ, ಧೋರ್ಡೋದಿಂದ ಇಡೀ ದಿನದ ದಾರಿ.

ಜೈಸಲ್ಮೇರ್ ಮತ್ತು ಭರತಪುರ

ಇವೆರಡನ್ನು ಒಂದೇ ಪ್ರವಾಸದಲ್ಲಿ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಒಂದು ರಾಜ್ಯದ ಪಶ್ಚಿಮ ತುದಿ, ಇನ್ನೊಂದು ಪೂರ್ವ ತುದಿ. ನಡುವೆ ಏಳುನೂರು ಕಿಲೋಮೀಟರಿಗೂ ಹೆಚ್ಚು. ಆ ದೂರ ತುಂಬಲು ಏಜೆಂಟರು ಜೋಧಪುರ, ಜೈಪುರಗಳ ಕೋಟೆಗಳನ್ನು ತುರುಕುತ್ತಾರೆ. ಕೊನೆಗೆ ಸಫಾರಿ ಉಳಿಯುವುದು ನಾಲ್ಕೇ ಬೆಳಗು.

ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯವೇ. 3,162 ಚದರ ಕಿ.ಮೀ.ಯ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಜನ ಹೋಗುವುದು ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗಾಗಿ. ನಮ್ಮ ಬಯಲುಸೀಮೆಯವರು ಎರೆಭೂತ ಎನ್ನುವ ಹಕ್ಕಿ; ಬಳ್ಳಾರಿಯ ಸಿರುಗುಪ್ಪದ ಸುತ್ತ ಇನ್ನೂ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ಜಗತ್ತಿನಲ್ಲೇ ಇನ್ನೂರಕ್ಕಿಂತ ಕಡಿಮೆ ಇರುವ ಹಕ್ಕಿ ಇದು, ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲಿ. ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಅದಕ್ಕೆ ದೊಡ್ಡ ಕುತ್ತು. ಕಂಡೇ ಕಾಣುತ್ತದೆ ಎಂದು ಖಾತ್ರಿ ಕೊಡುವ ಏಜೆಂಟನಿಂದ ದೂರವಿರಿ.

ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನ ಮನುಷ್ಯರು ಕಟ್ಟಿದ ಜೌಗು. ನೀರು ಕಟ್ಟೆಯಿಂದ, ಕಾಲುವೆಯಿಂದ ಬಿಟ್ಟರಷ್ಟೇ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅರ್ಧ ಉದ್ಯಾನ ಒಣಗಿರುವುದುಂಟು, ಹಾಗಾಗಿ ಹೊರಡುವ ಮುನ್ನ ಆ ವರ್ಷದ ನೀರಿನ ಸ್ಥಿತಿ ವಿಚಾರಿಸಲೇಬೇಕು. ಅಲ್ಲಿನ ದೊಡ್ಡ ಅನುಕೂಲ ಸೈಕಲ್ ರಿಕ್ಷಾ. 29 ಚದರ ಕಿ.ಮೀ.ಯೊಳಗಿನ ಏರಿಗಳ ಮೇಲೆ ರಿಕ್ಷಾ ಹೊಡೆಯುವವರೇ ಹಕ್ಕಿ ತೋರಿಸುತ್ತಾರೆ. ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಮೂರು ಆಯ್ಕೆಗಳಲ್ಲಿ ಇದೇ ಮೇಲು.

ರಾಜಸ್ಥಾನವೇ ಬೇಕು, ಮರಳೂ ನೀರೂ ಬೇಕು ಎನ್ನುವವರು ಭರತಪುರ ಬಿಟ್ಟು ಜೈಸಲ್ಮೇರ್ ಜೊತೆ ಖೀಚನ್ ಸೇರಿಸಿಕೊಳ್ಳಿ. ಫಲೋದಿ ಪಕ್ಕದ ಹಳ್ಳಿ, ಜೈಸಲ್ಮೇರಿನಿಂದ ಅರ್ಧ ದಿನದೊಳಗಿನ ಹಾದಿ. ಊರವರು ಕಾಳು ಚೆಲ್ಲುವ ಕಟ್ಟೆಗೆ ಚಳಿಗಾಲವಿಡೀ ಡೆಮೊಯ್ಸೆಲ್ ಕ್ರೌಂಚಗಳು ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ, ಆಮೇಲೆ ಕೆರೆಗೆ ಹೋಗುತ್ತವೆ. 2025ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ನಮೀಬಿಯಾದಿಂದ ಒಕವಾಂಗೊಗೆ

ಇದು ದೊಡ್ಡ ಖರ್ಚು, ದೊಡ್ಡ ದೂರ. ನಮೀಬಿಯಾದ ರಾಜಧಾನಿ ವಿಂಡ್‌ಹೂಕ್‌ನಿಂದ ಮರಳುದಿಬ್ಬಗಳ ಬಾಗಿಲಾದ ಸೆಸ್ರಿಯಮ್, ಸ್ವಾಕೊಪ್‌ಮುಂಡ್, ಎಟೋಶಾ, ಕಾವಾಂಗೊ ನದಿ (ಒಕವಾಂಗೊಗೆ ನಮೀಬಿಯಾದಲ್ಲಿರುವ ಹೆಸರು), ಮೌನ್, ಕಸಾನೆ ಎಂದು ಪೂರ್ತಿ ಸುತ್ತಿದರೆ ಮೂರು ಸಾವಿರ ಕಿಲೋಮೀಟರಿನ ಆಸುಪಾಸು. ಮೊದಲ ದಿನ ವಿಂಡ್‌ಹೂಕ್‌ನಿಂದ ಸೆಸ್ರಿಯಮ್‌ಗೆ ಹೋಗುವುದೇ ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು, ಹೆಚ್ಚಿನ ಭಾಗ ಜಲ್ಲಿರಸ್ತೆ. ಹತ್ತು ದಿನದಲ್ಲಿ ಇಷ್ಟನ್ನೂ ಮುಗಿಸುತ್ತೇವೆ ಎನ್ನುವ ಪ್ಯಾಕೇಜಿನಲ್ಲಿ ನೀವು ಕೊಳ್ಳುವುದು ಕಿಟಕಿ ಸೀಟನ್ನು ಮಾತ್ರ. ಎರಡು ವಾರಕ್ಕಿಂತ ಕಡಿಮೆಯಿದ್ದರೆ ಒಂದು ದೇಶ ಬಿಡಿ.

ಆದರೂ ಈ ರಸ್ತೆ ವ್ಯರ್ಥವಲ್ಲ. ಮರಳು ನಿಧಾನಕ್ಕೆ ನೀರಾಗುವುದು ಕಾಣುವುದು ಇಲ್ಲೇ. ಅಟ್ಲಾಂಟಿಕ್ ಕರಾವಳಿಯಲ್ಲಿ ಬೆಂಗೆಲಾ ಎಂಬ ತಣ್ಣನೆಯ ಸಾಗರಪ್ರವಾಹವಿದೆ. ಅದರಿಂದ ಮಳೆ ಬರುವುದಿಲ್ಲ, ಮಂಜು ಬರುತ್ತದೆ. ನಮೀಬ್ ಮರುಭೂಮಿಯ ಜೀರುಂಡೆ, ಗಿಡಗಳು ಆ ಮಂಜನ್ನೇ ಕುಡಿದು ಬದುಕುತ್ತವೆ. ಮರಳುದಿಬ್ಬಗಳ ನಡುವಿನ ಸೊಸ್ಸುಸ್‌ವ್ಲೇ ಪಕ್ಕದ ಡೆಡ್‌ವ್ಲೇಯಲ್ಲಿ ನೂರಾರು ವರ್ಷಗಳ ಹಿಂದೆ ಸತ್ತ ಮರಗಳು ಕೊಳೆಯಲು ತೇವವಿಲ್ಲದೆ ಇನ್ನೂ ನಿಂತಿವೆ. ಇಲ್ಲೊಂದು ಸಣ್ಣ ವಿಷಯ ಇಡೀ ದಿನವನ್ನು ಬದಲಿಸುತ್ತದೆ: ಸೆಸ್ರಿಯಮ್ ಹೊರಗೇಟು ಸೂರ್ಯೋದಯಕ್ಕೆ ತೆರೆಯುತ್ತದೆ, ಗೇಟಿನೊಳಗೆ ತಂಗಿದವರನ್ನು ಅದಕ್ಕೂ ಮೊದಲೇ ಬಿಡುತ್ತಾರೆ. ದಿಬ್ಬಗಳು ಇನ್ನೂ ಅರವತ್ತು ಕಿ.ಮೀ. ಆಚೆ. ಹೊರಗೆ ತಂಗಿದರೆ ಎಳೆಬಿಸಿಲಿನ ನೆರಳು–ಬೆಳಕು ತಪ್ಪಿತೆಂದೇ ಲೆಕ್ಕ. ಪ್ಯಾಕೇಜಿನಲ್ಲಿ ‘ಸೊಸ್ಸುಸ್‌ವ್ಲೇ ಹತ್ತಿರ’ ಎಂದಿದ್ದರೆ ಗೇಟಿನ ಒಳಗೋ ಹೊರಗೋ ಎಂದು ಕೇಳಿ.

ಎಟೋಶಾದಲ್ಲಿ ಪ್ರಾಣಿಯನ್ನು ಹುಡುಕಿಕೊಂಡು ಹೋಗುವ ನಮ್ಮ ಅಭ್ಯಾಸವನ್ನು ಬಿಡಬೇಕು. 4,800 ಚದರ ಕಿ.ಮೀ.ಯ ಉಪ್ಪುಬಯಲಿನ ಅಂಚಿನಲ್ಲಿ ನೀರಿನ ಗುಂಡಿಗಳಿವೆ. ಒಣಗಾಲದಲ್ಲಿ ಒಂದರ ಮುಂದೆ ಗಾಡಿ ನಿಲ್ಲಿಸಿ ಕೂತರೆ ಆನೆ, ಜೀಬ್ರಾ, ಸ್ಪ್ರಿಂಗ್‌ಬಾಕ್, ಕೆಲವೊಮ್ಮೆ ಸಿಂಹ, ಸರದಿಯಂತೆ ಬರುತ್ತವೆ. ಒಕೌಕ್ವೆಯೊ ಶಿಬಿರದ ಗುಂಡಿಗೆ ರಾತ್ರಿ ದೀಪವಿದೆ. ಊಟ ಮುಗಿಸಿ ಬೆಂಚಿನ ಮೇಲೆ ಕೂತು ಕಪ್ಪು ಘೇಂಡಾಮೃಗ ಬರುವುದನ್ನು ಕಾಯಬಹುದು. ತಾಳ್ಮೆಯಿಲ್ಲದವರು ಗುಂಪಿನಲ್ಲಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಇನ್ನು ಒಕವಾಂಗೊ. ಅಂಗೋಲಾದ ಎತ್ತರದ ನೆಲದಲ್ಲಿ ಬಿದ್ದ ಬೇಸಿಗೆಯ ಮಳೆ ನೂರಾರು ಕಿಲೋಮೀಟರ್ ಹರಿದು, ಬಹುತೇಕ ಇಳಿಜಾರೇ ಇಲ್ಲದ ಬಯಲಿಗೆ ಬಂದು, ಅಲ್ಲಿ ತೆವಳುತ್ತ ಹರಡುತ್ತದೆ. ಮೌನ್ ಪಟ್ಟಣ ಮುಟ್ಟುವಾಗ ಜೂನ್–ಜುಲೈ ಆಗಿರುತ್ತದೆ. ಅಂದರೆ ಸುತ್ತಲ ಕಲಹರಿಯಲ್ಲಿ ತಿಂಗಳುಗಟ್ಟಲೆ ಹನಿ ಮಳೆಯಿಲ್ಲದಾಗ ನೆರೆ ಬರುತ್ತದೆ! ಈ ನದಿ ಸಮುದ್ರ ಸೇರುವುದೇ ಇಲ್ಲ. ಬಹುಪಾಲು ನೀರು ಅಲ್ಲೇ ಆವಿಯಾಗುತ್ತದೆ. ಒಣಗಾಲದ ಪ್ರಾಣಿಗಳೆಲ್ಲ ನೀರಿಗೆ ಬರುವುದೂ, ನೀರು ತಾನೇ ಅವುಗಳ ಕಡೆ ಬರುವುದೂ ಒಟ್ಟಿಗೆ ಆಗುತ್ತದೆ. 2014ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿದ್ದು ಇದೇ. ಮೊಕೊರೊ ಎಂಬ ಕಿರಿದಾದ ದೋಣಿಯಲ್ಲಿ, ನೀರಿನ ಮಟ್ಟಕ್ಕೇ ಕೂತು, ಜೊಂಡಿನ ನಡುವೆ ಹೋಗುವ ಅನುಭವಕ್ಕೆ ಸಮನಾದದ್ದು ಜೀಪಿನಲ್ಲಿಲ್ಲ. ಆದರೆ ಕಾಲು ಚಾಚಿ ಎರಡು ಗಂಟೆ ಕೂರಬೇಕು, ಹಿಪ್ಪೊಗಳಿರುವ ನೀರು ಬೇರೆ. ಬೆನ್ನುನೋವಿನವರು, ಚಿಕ್ಕ ಮಕ್ಕಳಿರುವವರು ಮೊದಲೇ ಹೇಳಿ. ಹಲವು ಶಿಬಿರಗಳು ಪುಟ್ಟ ಮಕ್ಕಳನ್ನು ಸೇರಿಸಿಕೊಳ್ಳುವುದೂ ಇಲ್ಲ.

ಬೋಟ್ಸ್ವಾನಾ ದುಬಾರಿ ಏಕೆ ಎಂದು ಕೇಳುವವರಿಗೆ: ಕಡಿಮೆ ಪ್ರವಾಸಿಗರು, ಹೆಚ್ಚು ಆದಾಯ ಎಂಬುದು ಆ ದೇಶ ಬೇಕೆಂದೇ ಇಟ್ಟುಕೊಂಡ ನೀತಿ. ನಡುಗಡ್ಡೆಯ ಶಿಬಿರಗಳಿಗೆ ಪುಟ್ಟ ವಿಮಾನದಲ್ಲೇ ಹೋಗಬೇಕು. ಖರ್ಚು ಇಳಿಸಲು ಇರುವ ಒಳ್ಳೆಯ ಉಪಾಯ, ಒಕವಾಂಗೊವನ್ನು ಅದರ ಕುತ್ತಿಗೆಯಲ್ಲಿ ನೋಡುವುದು. ನದಿ ಹರಡಿಕೊಳ್ಳುವ ಮೊದಲು ಶಕಾವೆ ಸುತ್ತಮುತ್ತ ಪಪೈರಸ್ ಜೊಂಡಿನ ನಡುವೆ ಉದ್ದಕ್ಕೆ ಹರಿಯುತ್ತದೆ. ಅಲ್ಲಿಗೆ ರಸ್ತೆಯಿದೆ, ದೋಣಿಮನೆಗಳಿವೆ. ಗಡಿಯಾಚೆ ನಮೀಬಿಯಾದ ಮಹಾಂಗೊದಲ್ಲಿ ಅದೇ ನದಿ, ಅದೇ ಆನೆ, ಕಡಿಮೆ ಬಿಲ್ಲು. ಹಾರುವ ವಿಮಾನದಿಂದ ಕಾಣುವ ಕವಲುಗಳ ನೋಟ ಮಾತ್ರ ತಪ್ಪುತ್ತದೆ.

ಗುಂಪು ಎಷ್ಟು ಸಣ್ಣದು?

‘ಸಣ್ಣ ಗುಂಪು’ ಎಂದರೆ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಹದಿನಾರು. ಜನ ಎಷ್ಟು ಎನ್ನುವುದಕ್ಕಿಂತ ಒಂದು ಗಾಡಿಯಲ್ಲಿ ಎಷ್ಟು, ಎಲ್ಲರಿಗೂ ಕಿಟಕಿ ಇದೆಯೇ, ದಿನವೂ ಸೀಟು ಬದಲಿಸುತ್ತಾರೆಯೇ ಎಂದು ಕೇಳಿ. ರಣದ ತೆರೆದ ಜೀಪಿನಲ್ಲಿ ನಾಲ್ಕು ಜನಕ್ಕೆ ಸುಖ, ಆರಾದರೆ ನಡುವೆ ಕೂತವರು ಪಕ್ಕದವರ ಕ್ಯಾಮೆರಾ ನೋಡಿಕೊಂಡು ಬರಬೇಕು. ಎಟೋಶಾದಲ್ಲಿ ಶಿಬಿರಗಳ ಹೊರಗೆ ಗಾಡಿಯಿಂದ ಇಳಿಯುವಂತಿಲ್ಲ, ಆದ್ದರಿಂದ ಸೀಟೇ ನಿಮ್ಮ ಸಫಾರಿ. ಹನ್ನೆರಡು ಜನರ ಎತ್ತರದ ಟ್ರಕ್ಕಿನಿಂದ ನೋಟ ಚೆನ್ನಾಗಿರುತ್ತದೆ, ಆದರೆ ಅಂಥ ಅಗ್ಗದ ಪ್ರವಾಸಗಳಲ್ಲಿ ಡೇರೆ ಹಾಕುವುದು, ಪಾತ್ರೆ ತೊಳೆಯುವುದು ಪ್ರಯಾಣಿಕರ ಪಾಲಿಗೂ ಇರುತ್ತದೆ. ಕೆಲವರಿಗೆ ಅದೇ ಖುಷಿ.

ಬೆಂಗಳೂರಿನಿಂದಲೇ ಹೊರಡುವ ಛಾಯಾಗ್ರಾಹಕರ ಗುಂಪುಗಳು ಶಿಸ್ತಿನವು. ಒಂದು ಹಕ್ಕಿಗೆ ಮುಕ್ಕಾಲು ಗಂಟೆ ನಿಲ್ಲುತ್ತಾರೆ. ಬರಿಗಣ್ಣಿನ ಪ್ರವಾಸಿಗೆ, ಮುಖ್ಯವಾಗಿ ಮಕ್ಕಳಿಗೆ, ಅದು ಶಿಕ್ಷೆ. ನಾಲ್ಕೈದು ಮಂದಿ ಪರಿಚಿತರೇ ಕೂಡಿದರೆ ನಿಮ್ಮದೇ ಜೀಪು ಮಾಡಿಕೊಳ್ಳುವುದು ಗುಜರಾತಿನಲ್ಲಿ ಹೆಚ್ಚೇನೂ ದುಬಾರಿಯಾಗದು. ನಮೀಬಿಯಾದಲ್ಲಿ ಸ್ವಂತ ಚಾಲನೆಯೂ ಸಾಧ್ಯ: ನಮ್ಮಂತೆಯೇ ಎಡಬದಿ ಸಂಚಾರ, ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರವಾನಗಿ ಪಡೆದರಾಯಿತು. ಕತ್ತಲಾದ ಮೇಲೆ ಮಾತ್ರ ಓಡಿಸಬಾರದು. ಕುಡು ಜಿಂಕೆ ರಸ್ತೆಗೆ ಹಾರಿದರೆ ಗಾಡಿಯೂ ಉಳಿಯುವುದಿಲ್ಲ.

ಊಟದ ಚಿಂತೆ ಬೆಂಗಳೂರಿನ ಸಸ್ಯಾಹಾರಿಗಳಿಗೆ ಆಫ್ರಿಕಾದಲ್ಲಷ್ಟೇ. ಮೊದಲೇ ತಿಳಿಸಿದರೆ ಹೊಂದಿಸುತ್ತಾರೆ, ಆದರೆ ಮೊಟ್ಟೆಯೂ ಇಲ್ಲ, ಈರುಳ್ಳಿಯೂ ಇಲ್ಲ ಎಂದರೆ ಬ್ರೆಡ್ಡು–ಸಲಾಡೇ ಗತಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಉತ್ತರ ನಮೀಬಿಯಾದ ಮನೆಗಳ ‘ಮಹಾಂಗು’ ಗಂಜಿ ನಮ್ಮ ಸಜ್ಜೆಯದೇ. ಕಛ್‌ನ ರೋಟ್ಲೋ, ಮಾರವಾಡದ ರೊಟ್ಟಿಯೂ ಸಜ್ಜೆಯೇ. ಮೂರು ಮರುಭೂಮಿಗೂ ಒಂದೇ ಕಾಳು.

ಕಾಗದಪತ್ರ, ಹಣ

ವಿಂಡ್‌ಹೂಕ್‌ಗೆ ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವುದಾದರೆ ಹಳದಿಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡಿ. ಪ್ರಮಾಣಪತ್ರ ಹತ್ತನೇ ದಿನದಿಂದ ಜಾರಿಗೆ ಬಂದು ಜೀವನಪೂರ್ತಿ ನಡೆಯುತ್ತದೆ. ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ವಾದಕ್ಕಿಳಿಯುವುದಕ್ಕಿಂತ ಅದು ವಾಸಿ. ಒಕವಾಂಗೊ ಮಲೇರಿಯಾ ಪ್ರದೇಶ, ಮಾತ್ರೆಗೆ ವೈದ್ಯರನ್ನು ಕಾಣಿ. ಮೌನ್‌ನಿಂದ ಪುಟ್ಟ ವಿಮಾನ ಹತ್ತುವವರ ಬ್ಯಾಗು ಮೆತ್ತಗಿರಬೇಕು, ಕ್ಯಾಮೆರಾ ಸೇರಿ ಸಾಮಾನ್ಯವಾಗಿ 20 ಕೆ.ಜಿ. ಮಿತಿ, ಚಕ್ರದ ಗಟ್ಟಿ ಸೂಟ್‌ಕೇಸು ನಡೆಯದು. ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ (ಮಾರುವವರು ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದುತ್ತದೆ. ದರ ಹೋಲಿಸುವಾಗ ಒಬ್ಬರು ಸೇರಿಸಿ, ಇನ್ನೊಬ್ಬರು ಬಿಟ್ಟು ಹೇಳಿರುತ್ತಾರೆ, ನೋಡಿಕೊಳ್ಳಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡಿಸೆಂಬರಿನ ಚಿಕ್ಕ ರಣ, ಐದಾರು ದಿನ. ಎರಡು ವಾರ ರಜೆ ಮತ್ತು ಹಣ ಎರಡೂ ಇದ್ದರೆ ಆಗಸ್ಟಿನಲ್ಲಿ ನಮೀಬಿಯಾ ಹಾಗೂ ಒಕವಾಂಗೊದ ಕುತ್ತಿಗೆ. ಮುಂಗಡ ಕೊಡುವ ಮುನ್ನ, ಗುಂಪು ತುಂಬದಿದ್ದರೆ ಪ್ರವಾಸ ನಡೆಯುತ್ತದೋ ರದ್ದಾಗುತ್ತದೋ, ಒಂಟಿ ಪ್ರಯಾಣಿಕರಿಗೆ ಕೊಠಡಿಯ ಹೆಚ್ಚುವರಿ ಎಷ್ಟು ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ರಣದ ಕೊಠಡಿಗಳನ್ನು ದಸರಾ ಹೊತ್ತಿಗೆ ಹಿಡಿದರೆ ಸಾಕು. ಸೆಸ್ರಿಯಮ್ ಗೇಟಿನೊಳಗಿನ ಜಾಗಕ್ಕೆ ಹಿಂದಿನ ದೀಪಾವಳಿಯಲ್ಲೇ ಕೇಳಿಡಬೇಕು.